2009ರ ಕಂಪ್ಯೂಟರ್, ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದ 214 ಹಾಡು: ಏನು ಮಾಡಲಿ?

ಬಿದನೂರಿನವಳು:

ನಮಸ್ಕಾರ. ಹೊಸನಗರ ತಾಲ್ಲೂಕಿನ ನಗರ ಹೋಬಳಿಯವಳು ನಾನು. ಹೆಸರಿಗೆ ನಗರ, ಮನೆಯ ಹಿಂದೆ ಕಾಡು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. 2009ರ ಕೊನೆಯಲ್ಲಿ ಶಿವಮೊಗ್ಗದಲ್ಲಿ ಜೋಡಿಸಿ ತಂದ ಕಂಪ್ಯೂಟರ್ ಇನ್ನೂ ಜಗುಲಿಯ ಪಕ್ಕದ ಕೋಣೆಯಲ್ಲಿದೆ. ಪೆಂಟಿಯಮ್ ಡ್ಯುಯಲ್ ಕೋರ್ ಇ5300, 2 ಜಿಬಿ ಮೆಮೊರಿ, 32 ಬಿಟ್‌ನ ವಿಂಡೋಸ್ 7.

ಅದಕ್ಕೆ ಕಾಯಿಲೆಯೇನೂ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ಯುಎಸ್‌ಬಿ ಕಿಂಡಿಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು, ಕೂದಲಿನ ಪಿನ್ನಿನಿಂದ ಕೆರೆದು ತೆಗೆದೆ. ಮಳೆಗಾಲದಲ್ಲಿ ಚಾಲೂ ಆಗದೆ ಕೀಂಗುಟ್ಟಿದರೆ ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕುತ್ತೇನೆ. ಶೀತ ಬಿಟ್ಟವರ ಹಾಗೆ ಮತ್ತೆ ಮಾತನಾಡುತ್ತದೆ.

ತಕರಾರೆಲ್ಲ ಹೊರಗಿನವರದು. ಬ್ರೌಸರ್ ಹಳತಾಯಿತು ಎಂದು ದಿನವೂ ಒಂದು ಹಳದಿ ಪಟ್ಟಿ. ಬ್ಯಾಂಕಿನ ಜಾಲತಾಣ ಬಾಗಿಲಲ್ಲೇ ನಿಲ್ಲಿಸುತ್ತದೆ. ಕೆಲವು ಬೆಳಿಗ್ಗೆಗಳಲ್ಲಂತೂ ಯಾವ ತಾಣವೂ ತೆರೆಯುವುದಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂದು ಹೆದರಿಸುತ್ತದೆ. ಅಂಥ ದಿನ ಕೆಳಗಿನ ಮೂಲೆಯ ಗಡಿಯಾರ 2009ನೇ ಇಸವಿ ತೋರಿಸುತ್ತಿರುತ್ತದೆ. ಎರಡಕ್ಕೂ ನಂಟಿದೆಯೇ?

ನನಗೆ ಬೇಕಾಗಿರುವುದು ಎರಡೇ. ಒಂದು, ಅಡಿಕೆಯ ಲೆಕ್ಕ: ರಾಶಿ ಇಡಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಸುಲಿದವರಿಗೆ ಕೊಟ್ಟಿದ್ದೆಷ್ಟು. ಅದು ಕಾಗದದಲ್ಲೂ ಇದೆ, ಹೋದರೆ ಹೋಗಲಿ. ಎರಡನೆಯದು ಹೋಗಬಾರದು. ನಮ್ಮ ಅತ್ತೆ ಹೇಳಿದ 214 ಹಾಡುಗಳು: ಎಣ್ಣೆ ಅರಿಶಿನದ್ದು, ಹಸೆಗೆ ಕರೆಯುವುದು, ಆರತಿಯದು, ಬೀಗರನ್ನು ಛೇಡಿಸುವುದು. ಅವರು ಒಲೆಯ ಮುಂದೆ ಹೇಳುತ್ತಿದ್ದರು, ನಾನು ಪುಸ್ತಕದಲ್ಲಿ ಗೀಚಿಕೊಂಡು ರಾತ್ರಿ ನುಡಿಯಲ್ಲಿ ಬೆರಳಚ್ಚು ಮಾಡುತ್ತಿದ್ದೆ. ಗೀಚಿದ ಪುಸ್ತಕಗಳನ್ನು ಗೆದ್ದಲು ತಿಂದಿತು. ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅರ್ಧದಷ್ಟು ಹಾಡುಗಳಿಗೆ ನನಗೆ ಈಗ ಧಾಟಿ ನೆನಪಿದೆ, ಸಾಲು ನೆನಪಿಲ್ಲ.

ಮೈಸೂರಿನಲ್ಲಿರುವ ಮಗಳಿಗೆ ಒಂದು ಕಡತ ಕಳಿಸಿದೆ. ಅವಳ ಲ್ಯಾಪ್‌ಟಾಪಿನಲ್ಲಿ ಕೊಂಬು, ಬಾಲ, ಟೊಪ್ಪಿಗೆ ಹತ್ತಿದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸಿತಂತೆ. ಕಂಪ್ಯೂಟರ್ ಬದಲಾಯಿಸಬೇಕೋ, ಇದರಲ್ಲೇ ದಿನ ತಳ್ಳಬಹುದೋ ಹೇಳಿ.

ಕೊಪ್ಪದ ಕೆಂಪಿರುವೆ:

ಹೆಚ್ಚುಕಡಿಮೆ ಒಂದು ಕ್ವಿಂಟಲ್ ರಾಶಿ ಇಡಿ ಮಾರಿದರೆ ಒಳ್ಳೆಯ ಹೊಸ ಲ್ಯಾಪ್‌ಟಾಪ್ ಬರುತ್ತದೆ. ಹದಿನಾರು ವರ್ಷದ ಎಮ್ಮೆಯಿಂದ ಹಾಲು ಕರೆಯುವ ಆಸೆ ಏಕೆ?

ಗಾಂಧಿಬಜಾರ್ ರಿಪೇರಿ:

ಮೇಡಂ, ಗಡಿಯಾರಕ್ಕೂ ಜಾಲತಾಣಕ್ಕೂ ಖಂಡಿತ ನಂಟಿದೆ. ಸುರಕ್ಷಿತ ತಾಣಗಳು ತೋರಿಸುವ ಪ್ರಮಾಣಪತ್ರಕ್ಕೆ ಇಂತಿಂಥ ದಿನಾಂಕದಿಂದ ಇಂತಿಂಥ ದಿನಾಂಕದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಯಂತ್ರ ತಾನಿನ್ನೂ 2009ರಲ್ಲಿದ್ದೇನೆ ಎಂದುಕೊಂಡರೆ, ಆ ಪತ್ರಗಳೆಲ್ಲ ಅದರ ಪಾಲಿಗೆ ಇನ್ನೂ ಹುಟ್ಟಿಲ್ಲ. ಅದಕ್ಕೇ ಒಳಗೆ ಬಿಡುವುದಿಲ್ಲ.

ಮದರ್‌ಬೋರ್ಡ್ ಮೇಲೆ ನಾಣ್ಯದ ಆಕಾರದ ಬ್ಯಾಟರಿ ಇದೆ, ಸಿಆರ್2032. ಅದು ಸತ್ತಿದೆ. ಗೋಡೆಯ ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಹೊತ್ತು ಗಡಿಯಾರ ಹೇಗೋ ನಡೆಯುತ್ತದೆ. ನೀವು ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತಿಡುತ್ತೀರಿ, ಅಲ್ಲವೇ? ಮಲೆನಾಡಿನ ಗಿರಾಕಿಗಳೆಲ್ಲರ ಕಥೆ ಇದೇ. ಪ್ಲಗ್ ಕೀಳುವುದನ್ನು ಬಿಡಬೇಡಿ, ಬ್ಯಾಟರಿ ಬದಲಿಸಿ. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ನಿಮ್ಮ ಬೋರ್ಡ್ ಬಹುಶಃ ಜಿ31 ಚಿಪ್‌ಸೆಟ್‌ನದು. ಅದು ಹೆಚ್ಚೆಂದರೆ 4 ಜಿಬಿ ಮೆಮೊರಿ ತೆಗೆದುಕೊಳ್ಳುತ್ತದೆ, ಡಿಡಿಆರ್2 ಎಂಬ ಹಳೆಯ ಬಗೆಯದೇ ಆಗಬೇಕು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ತಿರುಗುವ ಭಾಗವಿಲ್ಲದ ಒಂದು ಸಣ್ಣ ಎಸ್‌ಎಸ್‌ಡಿ ಡಿಸ್ಕ್ ಹಾಕಿದರೆ ನಿಮಗೇ ಗುರುತು ಸಿಗದಷ್ಟು ಚುರುಕಾಗುತ್ತದೆ.

ತುಂಗಾತೀರ:

ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ಯಂತ್ರದ ಮಾತು ಆಮೇಲೆ. ಇಂದು ಸಂಜೆಯೊಳಗೆ ಆ 214 ಹಾಡುಗಳನ್ನು ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿ, ಒಂದನ್ನು ಮೈಸೂರಿಗೆ ಕಳಿಸಿ. ನುಡಿಯ ಫಾಂಟ್ ಕಡತಗಳನ್ನೂ ಜೊತೆಗೆ ಹಾಕಿ. ಹದಿನಾರು ವರ್ಷ ತಿರುಗಿದ ಡಿಸ್ಕ್ ನಿಲ್ಲುವ ಮುಂಚೆ ಹೇಳಿ ನಿಲ್ಲುವುದಿಲ್ಲ.

ವಿಂಡೋಸ್ ದಾರಿ ನಿಮಗೆ ಮುಚ್ಚಿದೆ. 7ಕ್ಕೆ ಸಾಮಾನ್ಯ ಬಳಕೆದಾರರಿಗೆ ಭದ್ರತಾ ಪರಿಷ್ಕರಣೆ ನಿಂತದ್ದು 2020ರ ಜನವರಿ 14ರಂದು. ಅದರ ಮೇಲೆ ಓಡುವ ಕೊನೆಯ ಕ್ರೋಮ್ ಆವೃತ್ತಿ 109, ಅಲ್ಲಿಂದ ಮುಂದೆ 2023ರಿಂದ ಇಲ್ಲ. 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನಿಮ್ಮ ಬೋರ್ಡಿನಲ್ಲಿಲ್ಲ. ಉಳಿದದ್ದು ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಕಾರ್ಯವ್ಯವಸ್ಥೆ, ಲಿನಕ್ಸ್. ಇಲ್ಲೊಂದು ಸಮಾಧಾನದ ಸಂಗತಿ: ವಿಂಡೋಸ್ 32 ಬಿಟ್ ಆಗಿದ್ದರೂ ಇ5300 ಪ್ರೊಸೆಸರ್ 64 ಬಿಟ್‌ನದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಹಳೆಯ 32 ಬಿಟ್ ಯಂತ್ರಗಳಿಗೆ ಅನುಸ್ಥಾಪಕವನ್ನೇ ಕೊಡುವುದಿಲ್ಲ, ಆ ಕಷ್ಟ ನಿಮಗಿಲ್ಲ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಏನನ್ನೂ ಅಳಿಸದೆ ಅಲ್ಲಿಂದಲೇ ಓಡಿಸಿ ನೋಡಿ. ಮುದ್ರಕ ಕೆಲಸ ಮಾಡುತ್ತದೆಯೇ ಎಂಬುದನ್ನು ಆಗಲೇ ಪರೀಕ್ಷಿಸಿ, ಹೆಚ್ಚಿನವರು ಮುಗ್ಗರಿಸುವುದು ಅಲ್ಲೇ.

ಈಗ ಅಕ್ಷರಗಳ ವಿಷಯ. ನಿಮ್ಮ ಕಡತದಲ್ಲಿ ಇರುವುದು ಕನ್ನಡವೇ ಅಲ್ಲ. ಕಂಪ್ಯೂಟರಿನ ದೃಷ್ಟಿಯಲ್ಲಿ ಅವು ಇಂಗ್ಲಿಷ್ ಸಂಕೇತಗಳು, ನುಡಿಯ ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಮಗಳ ಬಳಿ ಫಾಂಟ್ ಇಲ್ಲ, ವೇಷ ಕಳಚಿತು. ಇಂಥ ಹಳೆಯ ಸಂಕೇತದಿಂದ (ಇದನ್ನು ಆಸ್ಕಿ ಎನ್ನುತ್ತಾರೆ) ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಮ್ಮೆ ಬದಲಾಯಿಸಿದರೆ ಯಾವ ಫೋನಿನಲ್ಲೂ ಓದಬಹುದು.

ಬಿದನೂರಿನವಳು:

ಮೂವರಿಗೂ ವಂದನೆ. ಕೆಂಪಿರುವೆಯವರೇ, ನಮ್ಮ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷದ ಎಮ್ಮೆ ಇತ್ತು. ಹಾಲು ಕೊಡುತ್ತಿರಲಿಲ್ಲ, ಆದರೂ ಮಾರಲಿಲ್ಲ. ಅಲ್ಲದೆ ಹೊಸ ಲ್ಯಾಪ್‌ಟಾಪ್ ತಂದಿದ್ದರೂ ಹಾಡುಗಳು ಅದರಲ್ಲಿ ಟೊಪ್ಪಿಗೆ ಹಾಕಿಕೊಂಡೇ ಕೂರುತ್ತಿದ್ದವು, ಮಗಳ ಲ್ಯಾಪ್‌ಟಾಪ್ ಹೊಸದೇ ಅಲ್ಲವೇ?

ನಾಣ್ಯದ ಬ್ಯಾಟರಿ ಹಾಕಿದೆ. ಐದು ದಿನದಿಂದ ಇಸವಿ ಸರಿಯಾಗಿದೆ. ಇಷ್ಟು ಚಿಕ್ಕದಕ್ಕೆ ಎರಡು ವರ್ಷ ಬೈದುಕೊಂಡೆನಲ್ಲ ಎಂದು ನಾಚಿಕೆಯಾಯಿತು.

ಹಾಡುಗಳನ್ನು ಪರಿವರ್ತಕಕ್ಕೆ ಹಾಕಿದೆ. ಮೊದಲ ಹಾಡು ಮಗಳ ಫೋನಿನಲ್ಲಿ ಕನ್ನಡವಾಗಿಯೇ ಕಂಡಾಗ ಅವಳು ಅಲ್ಲಿಂದಲೇ ಓದಿ ಹೇಳಿದಳು, ನಾನು ಇಲ್ಲಿ ಧಾಟಿ ಹಿಡಿದೆ. ಆದರೆ ಎಲ್ಲವೂ ಸಲೀಸಲ್ಲ. ಕಡತದ ಮಧ್ಯೆ ನಿಜವಾದ ಇಂಗ್ಲಿಷಿನಲ್ಲಿ ಬರೆದಿದ್ದ ಇಸವಿ, ಊರಿನ ಟಿಪ್ಪಣಿಗಳನ್ನೂ ಅದು ಕನ್ನಡವೆಂದೇ ತಿಳಿದು ಹುರಿದುಬಿಟ್ಟಿದೆ. ಕೆಲವು ಕಡೆ ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಕೂತಿದೆ. ಒತ್ತಕ್ಷರ ತಪ್ಪಿದ ಮಕ್ಕಳ ಪುಸ್ತಕ ತಿದ್ದಿದವಳಿಗೆ ಇದು ಹೊಸದಲ್ಲ, ದಿನಕ್ಕೆ ಹತ್ತು ಹಾಡು ತಿದ್ದುತ್ತಿದ್ದೇನೆ. ನೂರ ಎಪ್ಪತ್ತಾರು ಮುಗಿದವು.

ತಿದ್ದುವಾಗ ಒಂದು ಬೀಗರ ಹಾಡಿನಲ್ಲಿ ಎರಡು ಸಾಲು ಇಲ್ಲದಿರುವುದು ಕಂಡಿತು. ಯಂತ್ರದ ತಪ್ಪೆಂದು ಹಳೆಯ ಕಡತ ತೆರೆದೆ, ಅಲ್ಲೂ ಇಲ್ಲ. ಆಮೇಲೆ ನೆನಪಾಯಿತು: ಆ ಸಾಲು ಸ್ವಲ್ಪ ಪೋಲಿ, ಮೇಷ್ಟರಮ್ಮ ಬೆರಳಚ್ಚು ಮಾಡದೆ ಬಿಟ್ಟಿದ್ದಳು. ಈಗ ಸೇರಿಸಿದ್ದೇನೆ. ಅವೆರಡು ಮಾತ್ರ ಮರೆತಿರಲಿಲ್ಲ.

ಮಿಂಟ್ ಪೆನ್‌ಡ್ರೈವ್‌ನಿಂದ ಓಡಿತು, ಮುದ್ರಕವೂ ಒಂದು ಹಾಳೆ ಉಗುಳಿತು. 2 ಜಿಬಿಯಲ್ಲಿ ಬ್ರೌಸರ್ ತೆರೆದರೆ ಏದುಸಿರು ಬಿಡುತ್ತದೆ. ಇನ್ನೊಂದು ಪ್ರಶ್ನೆ: ಅಲ್ಲಿ ನುಡಿಯ ಕೀಲಿಮಣೆ ಸಿಗುತ್ತದೆಯೇ? ಒತ್ತಿಗೆ ಎಫ್ ಒತ್ತುವ ಬೆರಳು ಈ ವಯಸ್ಸಿನಲ್ಲಿ ಬೇರೆ ಪಾಠ ಕಲಿಯಲಾರದು.

ತುಂಗಾತೀರ:

ಸಿಗುತ್ತದೆ. ಬೇರೆ ಬೇರೆ ಭಾಷೆಯ ಬೆರಳಚ್ಚಿಗೆ ನೆರವಾಗುವ ಐಬಸ್ ಎಂಬ ತಂತ್ರಾಂಶದ ಜೊತೆಗೆ ಎಂ17ಎನ್ ಎಂಬುದನ್ನು ಹಾಕಿಕೊಂಡು ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಆರಿಸಿ, ನುಡಿಯ ಕೀಲಿಮಣೆಗೆ ಅಲ್ಲಿರುವ ಹೆಸರು ಅದು. ಎಫ್ ಇದ್ದಲ್ಲೇ ಇದೆ. ಬ್ಯಾಂಕಿನ ಕೆಲಸವನ್ನು ಮಿಂಟ್‌ನಲ್ಲೇ ಮಾಡಿ. ವಿಂಡೋಸ್ 7 ಇರುವ ಹಳೆಯ ಡಿಸ್ಕನ್ನು ಇಟ್ಟುಕೊಂಡರೂ ಅಂತರ್ಜಾಲದ ತಂತಿ ಸೇರಿಸಬೇಡಿ.

ಗಾಂಧಿಬಜಾರ್ ರಿಪೇರಿ:

ಮೇಡಂ, ಕಳಚಿಟ್ಟ ಯಂತ್ರವೊಂದರಲ್ಲಿ 2 ಜಿಬಿಯ ಎರಡು ಡಿಡಿಆರ್2 ಪಟ್ಟಿ ಸಿಕ್ಕವು. ರಬ್ಬರಿನಿಂದ ಉಜ್ಜಿಯೇ ಇಟ್ಟಿದ್ದೇನೆ. ನಾಳೆ ಮಧ್ಯಾಹ್ನದ ಬಸ್ಸಿಗೆ ಕಂಡಕ್ಟರ್ ಕೈಯಲ್ಲಿ ಕೊಡಲೇ?

ಬಿದನೂರಿನವಳು:

ಕೊಡಿ. ನಗರದಲ್ಲಿ ಬಸ್ ನಿಲ್ಲುವ ಕಡೆ ನಾನೇ ಬಂದು ನಿಂತಿರುತ್ತೇನೆ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಇಲ್ಲಿ ಮೋಡ ಕಟ್ಟಿದೆ.