ಯೋಗಿ ಕರಡಿಗೆ ಅಂಗಿಯಿಲ್ಲ, ಟೈ ಮಾತ್ರ ಏಕೆ?

ಹಳೆಪೆಟ್ಟಿಗೆ (ಪ್ರಶ್ನೆ):

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ನಮ್ಮ ಮನೆಯಲ್ಲಿ ಕೇಬಲ್ ಇರಲಿಲ್ಲ. ರಜೆಗೆ ದೊಡ್ಡಮ್ಮನ ಮನೆಗೆ ಹೋದಾಗಲೆಲ್ಲ ಯೋಗಿ ಕರಡಿಯನ್ನೂ ಅವನ ಪುಟ್ಟ ಗೆಳೆಯ ಬೂಬೂವನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಪ್ರವಾಸಿಗರ ಬುತ್ತಿ ಕದಿಯುವ ಹೊಟ್ಟೆಬಾಕನಿಗೆ ಯೋಗಿ ಎಂಬ ಹೆಸರು ಇದೆಯಲ್ಲ ಎಂಬುದೇ ನಮಗೆ ಸಾಕಷ್ಟು ನಗು ತರಿಸುತ್ತಿತ್ತು. ಈಚೆಗೆ ಮಗಳೊಂದಿಗೆ ಅದೇ ಕಂತುಗಳನ್ನು ನೋಡುತ್ತಿದ್ದಾಗ ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೈಮೇಲೆ ಅಂಗಿಯೇ ಇಲ್ಲದ ಕರಡಿ ಬಿಳಿ ಕಾಲರ್ ಮತ್ತು ಹಸಿರು ಟೈ ಏಕೆ ಹಾಕಿಕೊಂಡಿದೆ? ಬೂಬೂವಿಗೂ ಬೋ ಟೈ, ಹಕಲ್‌ಬೆರಿ ಹೌಂಡ್ ಎಂಬ ನಾಯಿಗೂ ಬೋ ಟೈ. ಸ್ನ್ಯಾಗಲ್‌ಪಸ್ ಎಂಬ ಸಿಂಹಕ್ಕಂತೂ ಕಾಲರಿನ ಜೊತೆಗೆ ಮುಂಗೈಗೆ ಕಫ್ ಬೇರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಗೆರೆಗಾರ:

ನಾನು ಅನಿಮೇಷನ್ ಕೆಲಸದಲ್ಲೇ ಇರುವವನು, ಆದ್ದರಿಂದ ತುಸು ಉದ್ದವಾಗಿಯೇ ಬರೆಯುತ್ತೇನೆ. ತಲೆ ಮತ್ತು ಮುಂಡ ಕೂಡುವ ಸಂದನ್ನು ಮರೆಮಾಡುವುದೇ ಆ ಕಾಲರಿನ ಕೆಲಸ.

ಯೋಗಿಯನ್ನು ತಯಾರಿಸಿದ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಮೊದಲು ಎಂಜಿಎಂ ಸ್ಟುಡಿಯೋದಲ್ಲಿ ಟಾಮ್ ಅಂಡ್ ಜೆರ್ರಿ ಮಾಡುತ್ತಿದ್ದವರು. 1957ರಲ್ಲಿ ಆ ಸ್ಟುಡಿಯೋ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿತು. ಇಬ್ಬರೂ ಟಿವಿಯ ಕಡೆ ತಿರುಗಿದರು. ಆದರೆ ಅಲ್ಲಿ ಐದು ನಿಮಿಷದ ಕಂತಿಗೆ ಸಿಗುತ್ತಿದ್ದುದು ಮೂರು ಸಾವಿರ ಡಾಲರಿನ ಆಸುಪಾಸು, ಅಂದರೆ ಒಂದು ಟಾಮ್ ಅಂಡ್ ಜೆರ್ರಿಗೆ ತಗಲುತ್ತಿದ್ದ ಖರ್ಚಿನ ಹತ್ತನೆಯ ಒಂದು ಭಾಗವೂ ಅಲ್ಲ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಐದು ನಿಮಿಷಕ್ಕೆ 7,200 ಚೌಕಟ್ಟುಗಳಾಗುತ್ತವೆ. ಅಷ್ಟು ಹಣದಲ್ಲಿ ಇಡೀ ಕರಡಿಯನ್ನು ಮತ್ತೆ ಮತ್ತೆ ಬರೆಯುವ ಮಾತೇ ಇರಲಿಲ್ಲ. ಹೀಗಾಗಿ ಮುಂಡವನ್ನು ಒಂದು ಪಾರದರ್ಶಕ ಹಾಳೆಯ ಮೇಲೆ, ತಲೆಯನ್ನು ಇನ್ನೊಂದರ ಮೇಲೆ, ಬಾಯನ್ನು ಮತ್ತೊಂದರ ಮೇಲೆ ಬರೆದು ಒಂದರ ಮೇಲೊಂದು ಇಟ್ಟರು. ಯೋಗಿ ಮಾತಾಡುವಷ್ಟು ಹೊತ್ತೂ ಮುಂಡದ ಹಾಳೆ ಇದ್ದಲ್ಲೇ ಇರುತ್ತದೆ, ಮೇಲಿನವು ಮಾತ್ರ ಬದಲಾಗುತ್ತವೆ.

ಕಂದು ತಲೆಯೂ ಕಂದು ಮುಂಡವೂ ನೇರವಾಗಿ ಕೂಡಿದರೆ ಆ ಗೆರೆ ಎದ್ದು ಕಾಣುತ್ತದೆ. ಅದೂ ಅಲ್ಲದೆ ಹಾಳೆಯ ಮೇಲೆ ಹಾಳೆ ಬಿದ್ದಂತೆ ಕೆಳಗಿನ ಬಣ್ಣ ಕೊಂಚ ಮಂಕಾಗುವುದರಿಂದ ಒಂದೇ ಕಂದು ಎರಡು ಕಂದುಗಳಾಗಿ ಕಾಣುವ ಅಪಾಯವಿತ್ತು. ನಡುವೆ ಬಿಳಿ ಕಾಲರ್ ಬಂದರೆ ಎರಡೂ ತೊಂದರೆ ತೀರಿದಂತೆ. ಸ್ನ್ಯಾಗಲ್‌ಪಸ್‌ನ ಕಫ್ ಕೂಡ ಮಣಿಕಟ್ಟಿನಲ್ಲಿ ಇದೇ ಉಪಕಾರ ಮಾಡುತ್ತದೆ. ಯೋಗಿಯ ರೂಪವನ್ನು ಬರೆದವರು ಎಡ್ ಬೆನೆಡಿಕ್ಟ್. ಅವನು 1958ರಲ್ಲಿ ಹಕಲ್‌ಬೆರಿ ಹೌಂಡ್ ಸರಣಿಯ ಒಂದು ಭಾಗವಾಗಿ ಬಂದು, 1961ರಲ್ಲಿ ಸ್ವಂತ ಸರಣಿ ಪಡೆದ.

ಮಗಳಿಗೆ ತೋರಿಸುವುದಾದರೆ, ಕಾಡಿನ ಕಾವಲು ಅಧಿಕಾರಿ ರೇಂಜರ್ ಸ್ಮಿತ್ ಎದುರು ಯೋಗಿ ನೆಪ ಹೇಳುವ ದೃಶ್ಯದಲ್ಲಿ ಕಾಲರಿನಿಂದ ಮೇಲಿನ ಭಾಗವನ್ನು ಅಂಗೈಯಿಂದ ಮುಚ್ಚಿಬಿಡಿ. ಅನೇಕ ಸಲ ಉಳಿಯುವುದು ನಿಶ್ಚಲ ಚಿತ್ರ.

ಕಿವಿಗೊಟ್ಟವಳು:

ಗೆರೆಗಾರರು ಹೇಳಿದ್ದು ಸರಿ, ಆದರೆ ಮೈ ಅಲ್ಲಾಡದ ಕರಡಿಯನ್ನು ನಾವು ಬೇಸರವಿಲ್ಲದೆ ನೋಡಿದ್ದು ಹೇಗೆಂಬುದನ್ನೂ ಹೇಳಬೇಕಲ್ಲವೇ? ಟಾಮ್ ಅಂಡ್ ಜೆರ್ರಿಯಲ್ಲಿ ಮಾತು ಅಪರೂಪ, ಇಲ್ಲಿ ಮಾತೇ ಬಂಡವಾಳ. ಯೋಗಿಗೂ ಹಕಲ್‌ಬೆರಿಗೂ ದನಿ ಕೊಟ್ಟವರು ಒಬ್ಬರೇ, ಡಾಸ್ ಬಟ್ಲರ್. ಕದಿಯಬೇಡವೆಂದು ಹಿಂಜರಿಯುವ ಬೂಬೂ ಮತ್ತು ಕದ್ದಾಗ ಕೂಗಾಡುವ ರೇಂಜರ್, ಇಬ್ಬರೂ ಡಾನ್ ಮೆಸಿಕ್. ಹಕಲ್‌ಬೆರಿ ಹೌಂಡ್ ಸರಣಿಯ ಅದೇ ಅರ್ಧ ಗಂಟೆಯಲ್ಲಿ ಬರುವ ಪಿಕ್ಸಿ ಎಂಬ ಇಲಿ ಮೆಸಿಕ್, ಡಿಕ್ಸಿ ಎಂಬ ಇಲಿಯೂ ಅವರನ್ನು ಅಟ್ಟುವ ಬೆಕ್ಕೂ ಬಟ್ಲರ್. ಹೆಚ್ಚು ಕಡಿಮೆ ಎರಡು ಗಂಟಲುಗಳ ಮೇಲೆ ನಿಂತ ಆ ಕಾರ್ಯಕ್ರಮಕ್ಕೆ 1960ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂತು. ಅದಕ್ಕೆ ಮುಂಚೆ ಯಾವ ಕಾರ್ಟೂನ್ ಸರಣಿಗೂ ಆ ಪ್ರಶಸ್ತಿ ಸಂದಿರಲಿಲ್ಲ.

ಎರಡನೆಯ ಕಂತು:

ಒಂದು ತಿದ್ದುಪಡಿ. ಕಡಿಮೆ ಚಿತ್ರಗಳಲ್ಲಿ ಕೆಲಸ ಮುಗಿಸುವ ಉಪಾಯವನ್ನು ಹ್ಯಾನಾ-ಬಾರ್ಬೆರಾ ಕಂಡುಹಿಡಿದರೆಂದು ಯಾರೂ ಭಾವಿಸಬಾರದು. ಮೊಲ ಮತ್ತು ಹುಲಿಯ ಗೆಳೆತನದ ಕ್ರುಸೇಡರ್ ರ‍್ಯಾಬಿಟ್ 1950ರಲ್ಲೇ ಟಿವಿಗೆಂದು ತಯಾರಾಗಿತ್ತು. ಅದರಲ್ಲಿ ಚಲನೆ ಎಷ್ಟು ಕಡಿಮೆಯೆಂದರೆ, ಯೋಗಿ ಅದರ ಮುಂದೆ ನರ್ತಕನಂತೆ ಕಾಣುತ್ತಾನೆ. ಹ್ಯಾನಾ ಮತ್ತು ಬಾರ್ಬೆರಾ ಟಿವಿಗೆ ಮಾಡಿದ ಮೊದಲ ಸರಣಿಯೂ ಯೋಗಿಯದಲ್ಲ, 1957ರ ಡಿಸೆಂಬರಿನಲ್ಲಿ ಆರಂಭವಾದ ರಫ್ ಅಂಡ್ ರೆಡ್ಡಿ. ಅದರಲ್ಲಿ ಬೆಕ್ಕು ಮತ್ತು ನಾಯಿ ಗೆಳೆಯರು. ಅಟ್ಟಾಡಿಸಿ ಓಡುವ ಜಗಳಕ್ಕೆ ಚಿತ್ರಗಳು ಬಹಳ ಬೇಕು, ನಿಂತು ಹರಟುವ ಗೆಳೆತನಕ್ಕೆ ಅಷ್ಟು ಬೇಡ ಎಂಬ ಲೆಕ್ಕವೂ ಅಲ್ಲಿ ಇದ್ದಿರಬಹುದೆಂದು ನನ್ನ ಗುಮಾನಿ.

ಹಳೆಪೆಟ್ಟಿಗೆ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಅಂಗೈಯ ಪರೀಕ್ಷೆ ಮಾಡಿದೆವು. ಕಾಲರಿನ ಕೆಳಗೆ ಯೋಗಿ ಗೋಡೆಯ ಕ್ಯಾಲೆಂಡರಿನಂತೆ ಸುಮ್ಮನಿದ್ದ. ಓಡುವ ದೃಶ್ಯದಲ್ಲಿ ಅದೇ ಮರ, ಅದೇ ಬಂಡೆ ಮತ್ತೆ ಮತ್ತೆ ಬರುವುದನ್ನು ಮಗಳೇ ಪತ್ತೆಹಚ್ಚಿ ಎಣಿಸತೊಡಗಿದಳು, ಕಥೆ ಅಲ್ಲಿಗೇ ನಿಂತಿತು. ಅವಳ ಹೊಸ ತಕರಾರು ಹೀಗಿದೆ: ಟಾಪ್ ಕ್ಯಾಟ್ ಎಂಬ ಬೆಕ್ಕಿಗೆ ಹ್ಯಾಟ್ ಮತ್ತು ವೇಸ್ಟ್‌ಕೋಟ್ ಇವೆ, ಕಾಲರ್ ಮಾತ್ರ ಇಲ್ಲ, ಹಾಗಾದರೆ ಅವನ ಸಂದನ್ನು ಎಲ್ಲಿ ಬಚ್ಚಿಟ್ಟಿದ್ದಾರೆ? ಗೆರೆಗಾರರೇ, ಇದನ್ನೂ ನೀವೇ ಬಿಡಿಸಬೇಕು.