ಕುಂಬಳೆ ಸುತ್ತಮುತ್ತ ಒಂದು ದಿನ: ಹಳೆಯ ಕಟ್ಟಡಗಳಲ್ಲಿ ಯಾವುದನ್ನು ತೋರಿಸಲಿ?

ಕುಂಬಳೆಯ ಸೊಸೆ:
ಧಾರವಾಡದಿಂದ ದೊಡ್ಡಮ್ಮ, ಅಕ್ಕ, ಭಾವ ಬರುತ್ತಿದ್ದಾರೆ. ಭಾವ ಸಿವಿಲ್ ಎಂಜಿನಿಯರ್. ಹಳೆಯ ಗೋಡೆ ಕಂಡರೆ ತಟ್ಟಿ ನೋಡದೆ ಬಿಡುವವರಲ್ಲ. ಬೇಕಲ ಕೋಟೆಯನ್ನು ಸಿನಿಮಾದಲ್ಲೇ ನೋಡಿದ್ದೇವೆ, ಬೇಡ ಎನ್ನುತ್ತಾರೆ. ನಾನು ಈ ಊರಿಗೆ ಹೊಸಬಳು. ದೊಡ್ಡಮ್ಮನಿಗೆ ಮೊಣಕಾಲು ನೋವು ಬೇರೆ. ಒಂದು ಹಗಲಿನಲ್ಲಿ ಏನೇನು ತೋರಿಸಬಹುದು?

ಮೊಗ್ರಾಲ್ ಹೊಳೆಬದಿ:
ಮೊದಲು ಮಧೂರು. ಗಣಪತಿಗೆ ಕೈಮುಗಿದು, ಅಪ್ಪದ ಪ್ರಸಾದ ತಿಂದು ಹೊರಟುಬಿಡುವವರೇ ಹೆಚ್ಚು; ಅಲ್ಲಿಯ ಮೂಲದೇವರು ಮದನಂತೇಶ್ವರ ಎಂಬುದೂ ಅನೇಕರಿಗೆ ನೆನಪಿರುವುದಿಲ್ಲ. ನೀವು ಭಾವನವರನ್ನು ಗುಡಿಯ ಹಿಂಬದಿಗೆ ಕರೆದುಕೊಂಡು ಹೋಗಿ. ಗೋಡೆಗೆ ಅಲ್ಲಿ ಮೂಲೆಯೇ ಇಲ್ಲ, ದುಂಡಗೆ ತಿರುಗುತ್ತದೆ. ಗಜಪೃಷ್ಠ ಎನ್ನುವುದು ಇದನ್ನೇ. ಅದರ ಮೇಲೆ ಮೂರು ಅಂತಸ್ತಿನ ಮಾಡು, ಅಂದರೆ ಛಾವಣಿ. ನೇರ ಗೋಡೆಯಾದರೆ ಪಕ್ಕಾಸುಗಳನ್ನು (ಮಾಡನ್ನು ಹೊರುವ ಇಳಿಜಾರು ಮರದ ತೊಲೆಗಳನ್ನು) ಸಾಲಾಗಿ ಇಳಿಬಿಟ್ಟರಾಯಿತು. ದುಂಡು ಗೋಡೆಯಲ್ಲಿ ಅವು ಮೇಲಿನಿಂದ ಕೆಳಕ್ಕೆ ಹರಡಿಕೊಳ್ಳುತ್ತಾ ಬರಬೇಕು. ಹಳೆಯ ಆಚಾರಿಗಳ ಲೆಕ್ಕಾಚಾರ ಎಂಥದ್ದೆಂದು ಎಂಜಿನಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರದ ಮೇಲೆ ರಾಮಾಯಣದ ಕೆತ್ತನೆಯೂ ಇದೆ. ಟಿಪ್ಪು ಇಲ್ಲಿಯ ಬಾವಿಯ ನೀರು ಕುಡಿದು ಮನಸ್ಸು ಬದಲಿಸಿ, ಕತ್ತಿಯಿಂದ ಒಂದು ಗುರುತು ಹಾಕಿ ಹೋದನಂತೆ. ಗುರುತನ್ನು ತೋರಿಸುತ್ತಾರೆ, ಕಥೆಯನ್ನು ಕಥೆಯಾಗಿ ಕೇಳಿಕೊಳ್ಳಿ.

ಆಮೇಲೆ ಅನಂತಪುರ. ಕೆರೆಯ ನಡುವೆ ಗರ್ಭಗುಡಿ, ಹೋಗಲು ಚಿಕ್ಕ ಸೇತುವೆ. ಆ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಈಗಲೂ ಬಂದವರೆಲ್ಲ ಮೊದಲು ಕೇಳುವುದು ಅದನ್ನೇ, ಗುಡಿಯನ್ನಲ್ಲ!

ಎರಡೂ ಕಡೆ ಮಧ್ಯಾಹ್ನ ನಡೆ ಮುಚ್ಚುತ್ತಾರೆ, ಬೇಗ ಹೊರಡಿ.

ಮೇಲ್ಪರಂಬದವ:
ಬೇಕಲವನ್ನು ಬಿಡುವುದು ಸರಿಯಲ್ಲ. ಸಿನಿಮಾದಲ್ಲಿ ಕಾಣುವುದು ಕಡಲಿನ ಕಡೆಯ ಬುರುಜು ಅಷ್ಟೇ. ಕೋಟೆ ಇರುವುದು ಸುಮಾರು 40 ಎಕರೆಯಲ್ಲಿ. ಕೆಳದಿ ಶಿವಪ್ಪ ನಾಯಕನ ಕಾಲದ್ದು. ಕಂಪೆನಿ ಆಡಳಿತದಲ್ಲಿ ಬೇಕಲದ ಹೆಸರಿನಲ್ಲೇ ಒಂದು ತಾಲೂಕು ಇತ್ತು.

ಅಷ್ಟು ನಡೆಯಲಾಗದಿದ್ದರೆ ನಮ್ಮ ಚಂದ್ರಗಿರಿ ಕೋಟೆಗೆ ಬನ್ನಿ. ಚಿಕ್ಕದು, ಜನಸಂದಣಿ ಇಲ್ಲ, ಕೆಳಗೆ ಹೊಳೆ ಕಡಲು ಸೇರುವುದು ಕಾಣುತ್ತದೆ. ಈ ಹೊಳೆಯ ಬಡಗಣ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದನ್ನು ಧಾರವಾಡದವರಿಗೆ ಅಲ್ಲಿಯೇ ನಿಂತು ಹೇಳಿ.

ಮೊಗ್ರಾಲ್ ಹೊಳೆಬದಿ:
ಚಂದ್ರಗಿರಿಗೆ ನನ್ನ ಒಪ್ಪಿಗೆಯೂ ಇದೆ. ತಟ್ಟಿ ನೋಡಲು ಅಲ್ಲಿ ಮುರಕಲ್ಲು (ಲ್ಯಾಟರೈಟ್) ಬೇಕಾದಷ್ಟು. ಪಣೆಯಿಂದ, ಅಂದರೆ ಕಲ್ಲುಗಣಿಯಿಂದ, ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಅದಕ್ಕೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಕಲ್ಲು ಪುಡಿಯಾಗುತ್ತದೆ. ನಮ್ಮ ಕಡೆಯ ಹಳೆಯ ಪಡಿಪ್ಪುರೆಯೊಂದಕ್ಕೆ (ಮನೆಯ ಹೆಬ್ಬಾಗಿಲ ಕಟ್ಟಡಕ್ಕೆ) ಚೆಂದ ಕಾಣಲೆಂದು ಹೀಗೆಯೇ ಬಳಿದಿದ್ದಾರೆ. ಭಾವನವರಿಗೆ ಬಿಡುವಿದ್ದರೆ ಬಂದು ನಾಲ್ಕು ಮಾತು ಹೇಳಲಿ. ನಾನು ಹೇಳಿದರೆ ಯಾರೂ ಕೇಳುವುದಿಲ್ಲ.

ಕುಂಬಳೆಯ ಸೊಸೆ:
ಬೆಳಿಗ್ಗೆ ಅನಂತಪುರ, ಅಲ್ಲಿಂದ ಮಧೂರು, ಊಟ ಮಾಡಿ ಚಂದ್ರಗಿರಿ. ಬೇಕಲದ ಮಾತನ್ನು ಭಾವನ ಮುಂದೆ ಇನ್ನೊಮ್ಮೆ ಎತ್ತಿ ನೋಡುತ್ತೇನೆ. ಪಡಿಪ್ಪುರೆ ಎಲ್ಲಿದೆ ಎಂದು ಸಂದೇಶ ಕಳುಹಿಸಿ, ಹೊಳೆಬದಿಯವರೇ.