ಮಗಳು ಲ್ಯಾಬಲ್ಲಿ ಈಸ್ಟ್‌ಗೆ ಎಣ್ಣೆ ಕುಡಿಸ್ತಾಳಂತೆ, ಯಾಕೆ?

ಡೊಂಬಿವಲಿ ಭಟ್ರು:
ಮಗಳು ಪುಣೆಲಿ ಸೆಲ್ ಬಯಾಲಜಿ ಪಿಎಚ್‌ಡಿ ಸೇರಿ ಎಂಟು ತಿಂಗ್ಳಾಯ್ತು, ಪೆರಾಕ್ಸಿಸೋಮ್ ಅಂತ ಏನೋ ವಿಷಯ. ಈ ಭಾನುವಾರನಾದ್ರೂ ಊಟಕ್ಕೆ ಬಾರೇ ಅಂದ್ರೆ "ಆಗಲ್ಲಪ್ಪ, ಈಸ್ಟ್‌ಗೆ ಎಣ್ಣೆ ಹಾಕಿಟ್ಟಿದೀನಿ, ಬೆಳಗ್ಗೆ ನೋಡ್ಲೇಬೇಕು" ಅಂತಾಳೆ. ನಾನು ಬ್ಯಾಂಕಿಂದ ರಿಟೈರ್ ಆದೋನು, ಈಸ್ಟ್ ಅಂದ್ರೆ ಪಾವ್ ಉಬ್ಬೋಕೆ ಹಾಕೋದು ಅಷ್ಟೇ ಗೊತ್ತು. ಅದಕ್ಕೆ ಎಣ್ಣೆ ಯಾಕ್ರಪ್ಪಾ? ಅವಳನ್ನೇ ಕೇಳಿದ್ರೆ ಇಂಗ್ಲಿಷಲ್ಲಿ ಶುರು ಮಾಡ್ತಾಳೆ, ನಂಗೆ ನಿದ್ದೆ ಬರತ್ತೆ.

ಪಾಷಾಣ್ ಕಡೆಯವ:
ಭಟ್ರೇ, ಬಾಣಲೆ ಎಣ್ಣೆ ಅಲ್ಲ ಅದು, ಓಲಿಯಿಕ್ ಆಸಿಡ್ ಅನ್ನೋ ಕೊಬ್ಬಿನ ಆಸಿಡ್ ಇರ್ಬೇಕು, ಶೇಂಗಾ ಎಣ್ಣೆಲೂ ಇರೋದೇ. ಪೆರಾಕ್ಸಿಸೋಮ್ ಅಂದ್ರೆ ಜೀವಕೋಶದೊಳಗೆ ಕೊಬ್ಬು ಒಡೆಯೋ ಪುಟ್ಟ ಚೀಲ. ಈಸ್ಟ್‌ಗೆ ಸಕ್ಕರೆ ಸಿಗ್ತಿರೋವರೆಗೆ ಅದರ ಕೆಲಸ ಕಮ್ಮಿ, ಸಂಖ್ಯೆನೂ ಕಮ್ಮಿ. ಸಕ್ಕರೆ ಕಿತ್ಕೊಂಡು ಬರೀ ಕೊಬ್ಬು ಕೊಟ್ರೆ, ಅದನ್ನ ತುಂಡು ಮಾಡೋದು ಈಸ್ಟಲ್ಲಿ ಪೂರ್ತಿ ಪೆರಾಕ್ಸಿಸೋಮ್ ಪಾಲು, ಹಾಗಾಗಿ ರಾತ್ರಿ ಕಳೆಯೋದ್ರೊಳಗೆ ಅವು ಹೆಚ್ಚಾಗಿ ದಪ್ಪನೂ ಆಗಿರ್ತವೆ, ನೋಡೋಕೆ ಸುಲಭ. ಟೈಮ್ ತಪ್ಪಿದ್ರೆ ಎಲ್ಲ ಮೊದಲಿಂದ. ಪಾಪ ಕೋಪ ಮಾಡ್ಕೋಬೇಡಿ.

ಹಡಪ್ಸರ್ ಅಕ್ಕೋರು:
ನಾ ಹನ್ನೊಂದನೆತ್ತಾ ಹುಡುಗರಿಗೆ ತೋರಸ್ತಿದ್ದೆ ನೋಡ್ರಿ. ಮೆಡಿಕಲ್ ಶಾಪಿನ್ಯಾಗ ಹೈಡ್ರೋಜನ್ ಪೆರಾಕ್ಸೈಡ್ ಸಿಗ್ತದ, ಹಸಿ ಆಲೂಗಡ್ಡಿ ಕೊಯ್ದು ಮ್ಯಾಲ ನಾಕು ಹನಿ ಹಾಕ್ರಿ. ಬುಸುಬುಸು ನೊರಿ ಬರ್ತದ. ಕುದಿಸಿದ ಆಲೂಗಡ್ಡಿಗೆ ಹಾಕ್ರಿ, ಏನೂ ಆಗಂಗಿಲ್ಲ. ಕ್ಯಾಟಲೇಸ್ ಅನ್ನೋ ಎಂಜೈಮ್ ಆ ಪೆರಾಕ್ಸೈಡ್ ಒಡದು ನೀರು, ಆಕ್ಸಿಜನ್ ಮಾಡ್ತದ, ಕುದಿಸಿದ್ರ ಎಂಜೈಮ್ ಸತ್ತಂಗ. ಪೆರಾಕ್ಸಿಸೋಮ್ ಕೊಬ್ಬು ಒಡಿಯೋವಾಗೂ ಇದೇ ಪೆರಾಕ್ಸೈಡ್ ಹುಟ್ತದ, ಕ್ಯಾಟಲೇಸ್ ಅಲ್ಲೇ ಒಳಗ ಕೂತಿರ್ತದ. ತಾನ ವಿಷಾ ಮಾಡಿ ತಾನ ಅರಗಿಸ್ಕೋತದ! 1954ರಾಗ ಇಲಿ ಮೂತ್ರಪಿಂಡದಾಗ ಕಂಡಾಗ ಬರೇ ಮೈಕ್ರೋಬಾಡಿ ಅಂದು ಬಿಟ್ಟಿದ್ರು, ಈಗಿನ ಹೆಸರು ಇಟ್ಟದ್ದು ಬೆಲ್ಜಿಯಂದ ಕ್ರಿಶ್ಚಿಯನ್ ಡಿ ಡೂವ್, 1960ರ ದಶಕದಾಗ.

ಡೊಂಬಿವಲಿ ಭಟ್ರು:
ಆಲೂಗಡ್ಡೆ ಮಾಡಿ ನೋಡ್ತೀನಿ. ಆದ್ರೆ ಇದ್ರಿಂದ ಮನುಷ್ಯರಿಗೇನು?

ಪಾಷಾಣ್ ಕಡೆಯವ:
ಬಹಳ ಇದೆ. ಪೆರಾಕ್ಸಿಸೋಮ್‌ಗೆ ಸ್ವಂತ ಡಿಎನ್‌ಎ ಇಲ್ಲ, ಒಳಗಿನ ಪ್ರೋಟೀನೆಲ್ಲ ಹೊರಗಿಂದ ಬರ್ಬೇಕು, ಹೆಚ್ಚಿನವಕ್ಕೆ ಬಾಲದ ತುದಿಲಿ ಮೂರೇ ಅಮೈನೋ ಆಸಿಡ್‌ನ, ಅಂದ್ರೆ ಪ್ರೋಟೀನ್ ಸರದ ಮೂರು ಮಣಿಗಳ, ವಿಳಾಸ ಇರತ್ತೆ. ಆ ವಿಳಾಸ ಸಿಕ್ಕಿದ್ದು ಮಿಂಚುಹುಳದಿಂದ, ಮಳೆಗಾಲದ ಮುಂಚೆ ಭಂಡಾರ್ದರಾ ಕಡೆ ನೋಡೋಕೆ ಹೋಗ್ತೀವಲ್ಲ ಅವೇ. ಅದರ ಬೆಳಕಿನ ಎಂಜೈಮ್ ಲೂಸಿಫರೇಸ್‌ನ ಮಂಗನ ಜೀವಕೋಶದಲ್ಲಿ ಮಾಡ್ಸಿದ್ರೂ ಸೀದಾ ಪೆರಾಕ್ಸಿಸೋಮ್‌ಗೇ ಹೋಯ್ತು, 1987ರಲ್ಲಿ, ಸ್ಯಾನ್ ಡಿಯಾಗೋದ ಸುರೇಶ್ ಸುಬ್ರಮಣಿ ಅವರ ಲ್ಯಾಬ್ ಅದರಲ್ಲಿತ್ತು. ಆ ವಿಳಾಸ ಓದಿ ಒಳಗೆ ಸೇರ್ಸೋ ಪೆಕ್ಸ್ ಜೀನ್‌ಗಳು ಕೆಟ್ರೆ ಝೆಲ್‌ವೆಗರ್ ಸಿಂಡ್ರೋಮ್ ಅನ್ನೋ ಹುಟ್ಟಿನಿಂದ ಬರೋ ಕಾಯಿಲೆ, ತೀವ್ರ ಇದ್ರೆ ಮಗು ಒಂದು ವರ್ಷ ದಾಟೋದೂ ಕಷ್ಟ. ಆ ಜೀನ್‌ಗಳಲ್ಲಿ ಸುಮಾರು ನಮ್ಮಲ್ಲೂ ಈಸ್ಟಲ್ಲೂ ಒಂದೇ ಥರ, ಅದಕ್ಕೇ ನಿಮ್ಮ ಮಗಳು ಎಣ್ಣೆ ಕುಡಿಸ್ತಿರೋದು.

ಡೊಂಬಿವಲಿ ಭಟ್ರು:
ನೊರೆ ಬಂತು!! ಪಲ್ಯಕ್ಕಿಟ್ಟಿದ್ದ ಆಲೂಗಡ್ಡೆ ಅಂತ ಮನೇಲಿ ಬೈಗುಳನೂ ಬಂತು. ವಿಡಿಯೋ ಮಗಳಿಗೆ ಕಳಿಸ್ದೆ, ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ.